ಮಾವಿನಕೆರೆಯ ಆರು ಹಂಸಗಳು

ಶ್ರಾವಣದ ಒಂದು ಶನಿವಾರ ಮಧ್ಯಾಹ್ನ ಸಿಸ್ಟರ್ ಪತ್ರ ಬಂತು. ನಮ್ಮದು ವರ್ಷಕ್ಕೊಂದೇ ಪತ್ರದ ವ್ಯವಹಾರ. ಕ್ರಿಸ್‌ಮಸ್‌ಗೆ ಮುಂಚೆ ನಾನು ಬರೆಯುತ್ತೇನೆ, ಹೊಸ ವರ್ಷ ಹುಟ್ಟಿದ ಮೇಲೆ ಅವರು ಉತ್ತರಿಸುತ್ತಾರೆ. ಎಂಬತ್ತು ದಾಟಿದವರಿಂದ ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಲಕೋಟೆ ಬಂದರೆ ಒಡೆಯುವ ಕೈ ತಡೆಯುತ್ತದೆ. ಆದರೆ ವಿಳಾಸದ ಅಕ್ಷರ ಅವರದೇ ಆಗಿತ್ತು. ಇಂದಿಗೂ ಕಾಪಿ ಬುಕ್ಕಿನಿಂದ ಎದ್ದು ಬಂದಂಥ ಅಕ್ಷರ.

ಸಿಸ್ಟರ್ ಎಂದರೆ ನಮಗೆ ಎಂಟನೇ ಕ್ಲಾಸಿನಿಂದ ಇಂಗ್ಲಿಷ್ ಕಲಿಸಿದವರು. ಮಂಗಳೂರು ಕಡೆಯವರು. ರಾಯಚೂರಿನ ನಮ್ಮ ಕಾನ್ವೆಂಟಿಗೆ ಬಂದಾಗ ಅವರಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಮೂರು ವರ್ಷ ಇದ್ದು ವರ್ಗವಾಗಿ ಹೋದರು. ಈಗ ತಮ್ಮ ಊರಿನ ಕಡೆಯೇ, ವಯಸ್ಸಾದ ಸಿಸ್ಟರುಗಳಿರುವ ಮನೆಯಲ್ಲಿದ್ದಾರೆ.

ಪತ್ರದಲ್ಲಿ ನಾಲ್ಕೇ ಸಾಲು. ಮೊಣಕಾಲು ಪರವಾಗಿಲ್ಲ. ರಾಯಚೂರಿನ ಕಾನ್ವೆಂಟಿಗೆ ಹೊರಟವರ ಜೊತೆ ತಾವೂ ಬರಬಹುದೆಂದು ಡಾಕ್ಟರು ಒಪ್ಪಿದ್ದಾರೆ. ‘ಈ ಆಟಮ್‌ನಲ್ಲಿ ನಿನ್ನ ಸ್ಮಾಲ್ ಲೇಕ್‌ಸೈಡ್ ಸಿಟಿಯನ್ನು ಇನ್ನೊಮ್ಮೆ ನೋಡಬೇಕು. ನಿನ್ನ ಹಂಸಗಳನ್ನು, ನಿನ್ನ ದೋಣಿಯವನನ್ನು. ಪ್ಲೀಸ್ ಪ್ಲ್ಯಾನ್ ಇಟ್ ಫಾರ್ ಮಿ.’

ಸೊಸೆ ಆಗಷ್ಟೇ ಯರಗೇರಾದ ಯೂನಿವರ್ಸಿಟಿ ಕೆಲಸ ಮುಗಿಸಿ ಬಸ್ಸಿಳಿದು ಬಂದು ಚಪ್ಪಲಿ ಬಿಡುತ್ತಿದ್ದಳು. ನನ್ನ ಹೆಗಲ ಮೇಲಿಂದಲೇ ಇಣುಕಿ ಓದಿದಳು.

“ಅತ್ತೀ, ಲೇಕ್‌ಸೈಡ್ ಸಿಟಿ ಅಂದ್ರ ಯಾವುದ್ರೀ? ಉದಯಪುರಕ್ಕ ಹೊಂಟಾರೇನು ನಿಮ್ಮ ಸಿಸ್ಟರು?”

“ಇಲ್ಲವ್ವಾ. ಅದು ರಾಯಚೂರು.”

ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಅವಳು ಬಾಗಿಲಲ್ಲಿ ಕೂತು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ರಾಯಚೂರಿಗೆ ಕೆರೆಯಿಲ್ಲ ಎಂದಲ್ಲ. ಊರ ನಡುವೆಯೇ, ಕೋಟೆಯ ಗುಡ್ಡದ ಬುಡದಲ್ಲಿ ಮಾವಿನಕೆರೆ ಇದೆ. ಅರ್ಧ ಊರು ಅದನ್ನು ಆಮ್ ತಲಾಬ್ ಎನ್ನುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಗುಡ್ಡದ ಬಂಡೆಗಳು ನೀರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಆದರೂ ನಮ್ಮಲ್ಲಿ ಯಾರೂ ಇದನ್ನು ಕೆರೆಯ ಊರು ಎನ್ನುವುದಿಲ್ಲ. ಬೀಗರು ಬಂದರೆ ಕೋಟೆ ತೋರಿಸುತ್ತೇವೆ, ಬಿಸಿಲಿನ ಬಗ್ಗೆ ಜಂಬ ಕೊಚ್ಚುತ್ತೇವೆ. ಕೆರೆಯ ದಂಡೆಯಲ್ಲಿ ಆಟೋದವರು ಆಟೋ ತೊಳೆಯುತ್ತಾರೆ. ಒಂದು ಮೂಲೆಯಲ್ಲಿ ಅಂತರಗಂಗೆಯ ಕಳೆ ಹಬ್ಬಿ, ಅದರ ಮೇಲೆ ಪ್ಲಾಸ್ಟಿಕ್ ಚೀಲಗಳು ಕೂತಿರುತ್ತವೆ. ಆ ದಾರಿಯಲ್ಲಿ ಹೋಗುವಾಗ ನಾನೇ ಎಷ್ಟೋ ಸಲ ಸೆರಗು ಮೂಗಿಗೆ ಹಿಡಿದಿದ್ದೇನೆ.

ಅಲ್ಲಿ ಹಂಸಗಳನ್ನು ಬಿಟ್ಟವಳೂ ನಾನೇ.

ಇದಕ್ಕೆಲ್ಲ ಮೂಲ ಒಂದು ಎಸ್ಸೇ. ಎಂಟನೇ ಕ್ಲಾಸಿನಲ್ಲಿ ಸಿಸ್ಟರ್ ನಮಗೆ ‘ಸರೋವರದ ದಂಡೆಯ ಊರಿಗೆ ಶರತ್ಕಾಲದ ಭೇಟಿ’ ಎಂಬ ಎಸ್ಸೇಯನ್ನು ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡಿದ್ದರು. ಅಲುಗದ ನೀರಿಗೆ ಪ್ಲ್ಯಾಸಿಡ್, ಆಮೇಲೆ ಪಿಕ್ಚರೆಸ್ಕ್, ಗೋಲ್ಡನ್ ಲೀವ್ಸ್, ಸ್ನೋ-ವೈಟ್ ಸ್ವಾನ್ಸ್. ಆಟಮ್ ಎಂದರೇನು ಎಂದು ನಾವು ಕೇಳಿದರೆ ‘ಎಲೆ ಉದುರುವ ಕಾಲ’ ಎಂದರು. ನಮ್ಮ ಕಡೆ ಬೇವಿನ ಎಲೆ ಉದುರುವುದು ಶಿವರಾತ್ರಿಯ ಸುಮಾರಿಗೆ, ಆಗ ಬೆವರೂ ಇಳಿಯುತ್ತದೆ. ಅರ್ಥವಾಗಲಿ ಬಿಡಲಿ, ಬೈಹಾರ್ಟ್ ಮಾಡಿದೆವು. ಪರೀಕ್ಷೆಯಲ್ಲಿ ‘ನನ್ನ ಹಳ್ಳಿ’ ಎಂದು ಕೇಳಿದರೂ ಅದನ್ನೇ ಬರೆದೆವು.

ವರ್ಗವಾಗಿ ಹೋಗುವ ದಿನ ಸಿಸ್ಟರ್ ಹೇಳಿದ್ದರು: “ಕ್ರಿಸ್‌ಮಸ್‌ಗೆ ಒಂದು ಪೇಜು ಬರೀಬೇಕು. ಸ್ಪೆಲ್ಲಿಂಗ್ ಮಿಸ್ಟೇಕ್ ಇರಬಾರದು.” ಉಳಿದ ಹುಡುಗಿಯರೆಲ್ಲ ಒಂದೆರಡು ವರ್ಷಕ್ಕೆ ಬಿಟ್ಟರು. ನಾನು ಬಿಡಲಿಲ್ಲ. ಮದುವೆಯಾದ ಮೊದಲ ಡಿಸೆಂಬರಿನಲ್ಲಿ ಪೆನ್ನು ಹಿಡಿದು ಕೂತೆ. ಅತ್ತೆಯವರು ಅಂದು ಬೆಳಿಗ್ಗೆ ರೊಟ್ಟಿಯ ವಿಷಯಕ್ಕೆ ನನ್ನನ್ನು ಓಣಿಯೆಲ್ಲ ಕೇಳುವ ಹಾಗೆ ಬೈದಿದ್ದರು. ಅದನ್ನು ಬರೆಯೋಣವೆಂದರೆ ಇಂಗ್ಲಿಷ್ ಸಿಗಲಿಲ್ಲ. ನಮಗೆ ಕಲಿಸಿದ ಇಂಗ್ಲಿಷಿನಲ್ಲಿ ಅತ್ತೆಯೂ ಇರಲಿಲ್ಲ, ಹರಿದ ರೊಟ್ಟಿಯೂ ಇರಲಿಲ್ಲ, ನಳಕ್ಕೆ ಎಂಟು ದಿನಕ್ಕೊಮ್ಮೆ ಬರುವ ನೀರೂ ಇರಲಿಲ್ಲ. ಇದ್ದದ್ದು ಸರೋವರ ಒಂದೇ. ‘ನಮ್ಮ ಮನೆ ಕೆರೆಗೆ ಹತ್ತಿರ’ ಎಂದು ನಿಜವನ್ನೇ ಬರೆದೆ. ಮುಂದಿನ ಸಾಲು ತಾನಾಗಿ ಬಂತು: ‘ಕೆರೆ ಕನ್ನಡಿಯಂತೆ ಪ್ಲ್ಯಾಸಿಡ್ ಆಗಿದೆ.’

ಅಲ್ಲಿಂದ ಶುರು. ಮನೆಯಲ್ಲಿ ಕಷ್ಟವಾದ ವರ್ಷ ಪತ್ರದ ಕೆರೆ ಇನ್ನಷ್ಟು ಚೆಂದವಾಗುತ್ತಿತ್ತು. ಗಂಡನ ತಂಗಿಯ ಮದುವೆಗೆ ನನ್ನ ಬಳೆ ಹೋದ ವರ್ಷ ಹಂಸಗಳು ಬಂದವು. ನಮ್ಮವರು ಕೆಮ್ಮು ಹಿಡಿದು ಮಲಗಿದ ವರ್ಷ ದೋಣಿಗಳು ಬಂದವು, ಒಬ್ಬ ಮುದುಕ ದೋಣಿಯವನೂ ಬಂದ. ಅವನಿಗೆ ವಿಪರೀತ ಕೆಮ್ಮು. ‘ಅವರ್ ಪೂರ್ ಬೋಟ್‌ಮನ್’ ಎಂದು ಅವನ ಕೆಮ್ಮಿನ ಬಗ್ಗೆ ಅರ್ಧ ಪೇಜು ಬರೆದಿದ್ದೆ. ಎರಡು ವರ್ಷದ ಮೇಲೆ ನಮ್ಮವರು ಹೋದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ‘ಪೀಸ್‌ಫುಲಿ’ ಎಂಬ ಪದ ಹಾಕಿದೆ. ಅದರ ಕೆಳಗೆ ಕೆರೆಯ ಮೇಲಿನ ಸೂರ್ಯಾಸ್ತಕ್ಕೆ ಹನ್ನೆರಡು ಸಾಲು.

ಆಮೇಲಿನ ಪ್ರತಿ ಉತ್ತರದಲ್ಲೂ ಸಿಸ್ಟರ್ ಕೇಳುತ್ತಿದ್ದರು: ‘ನಿನ್ನ ದೋಣಿಯವನು ಹೇಗಿದ್ದಾನೆ?’ ‘ಬೆಟರ್’ ಎಂದು ಬರೆಯುತ್ತಿದ್ದೆ. ಈಗ ಅವರು ಅವನನ್ನೇ ನೋಡಲು ಬರುತ್ತಿದ್ದರು.

ನನಗೆ ಜಗತ್ತಿನಲ್ಲಿ ಒಬ್ಬರ ಮುಂದೆ ಸುಳ್ಳುಗಾತಿ ಅನ್ನಿಸಿಕೊಳ್ಳುವುದು ಬೇಡವಾಗಿದ್ದರೆ ಅದು ಸಿಸ್ಟರ್ ಮುಂದೆ. ಅವರು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ತಪ್ಪು ಮಾಡಿದವಳ ನೋಟ್‌ಬುಕ್ಕನ್ನು ಮುಚ್ಚಿ ಎರಡೂ ಕೈಯಿಂದ ವಾಪಸು ಕೊಡುತ್ತಿದ್ದರು, ಅಷ್ಟೆ. ಎಪ್ಪತ್ತು ದಾಟಿದ ಮೇಲೂ ಆ ಮುಚ್ಚಿದ ನೋಟ್‌ಬುಕ್ಕು ನನ್ನ ಕನಸಿನಲ್ಲಿ ಬರುತ್ತದೆ.

ಕಾನ್ವೆಂಟ್ ಹಾಸ್ಟೆಲಿನ ನನ್ನ ಇಬ್ಬರು ಗೆಳತಿಯರಿಗೆ ಫೋನ್ ಹಚ್ಚಿದೆ. ಒಬ್ಬಳು ದೇವದುರ್ಗದವಳು, ಇವತ್ತಿಗೂ ಹೊಲದ ಬದುವಿನ ಮೇಲೆ ನಿಂತೇ ಫೋನಿನಲ್ಲಿ ಮಾತಾಡುವವಳು, ಅವಳ ದನಿ ಫೋನಿಲ್ಲದೆಯೂ ಕೇಳಿಸುತ್ತದೆ. ಇನ್ನೊಬ್ಬಳು ಮಾನ್ವಿಯವಳು, ಮನೆಮಾತು ದಖ್ಖನಿ ಉರ್ದು, ಬಜಾರದಲ್ಲಿ ಅವರ ಬಟ್ಟೆ ಅಂಗಡಿ. ಸೊಸೆ ಮೂವರನ್ನೂ ಒಂದೇ ಕಾನ್ಫರೆನ್ಸ್ ಕಾಲ್‌ನಲ್ಲಿ ಸೇರಿಸಿಕೊಟ್ಟಳು. ನಾನು ಎಲ್ಲ ಒಪ್ಪಿಕೊಂಡೆ.

“ಹಂಸ ಎಷ್ಟು ಬಿಟ್ಟಿ ಬೇ?” ದೇವದುರ್ಗದವಳು ಕೇಳಿದಳು.

“ಆರು.”

“ಯಪ್ಪಾ! ಒಂದು ಬಿಟ್ಟಿದ್ರ ಸತ್ತು ಹೋತು ಅನಬಹುದಿತ್ತು. ಆರೂ ಒಮ್ಮಿಗೇ ಹ್ಯಾಂಗ ಸಾಯಸ್ತಿ?”

“ಸಾಯ್ಸೋದು ನಕ್ಕೋ,” ಎಂದಳು ಮಾನ್ವಿಯವಳು. “ಮಾನ್ವಿ ಸಂತ್ಯಾಗ ಬಾತುಕೋಳಿ ಸಿಗ್ತಾವ. ಆರು ತಂದು ಬಿಡೋಣು. ಕುತ್ತಿಗಿ ಸ್ವಲ್ಪ ಗಿಡ್ಡ ಇರ್ತಾವ, ಅಷ್ಟ. ಸಿಸ್ಟರ್‌ಗೆ ಈಗ ಕಣ್ಣು ಎಷ್ಟು ಕಾಣ್ತದೋ ಏನೋ.”

“ನಿಂಗ ಗಿರಾಕಿಗೆ ಅರವಿ ತೋರಿಸಿದಂಗ ಆಗೇದ. ದೋಣಿಯವ್ನ ಎಲ್ಲಿಂದ ತರ್ತಿ? ಅವನೂ ಸಂತ್ಯಾಗ ಸಿಗ್ತಾನೇನು?” ಎಂದಳು ದೇವದುರ್ಗದವಳು.

“ಕೈಕು ಸಿಗಲ್ಲ? ಕೆಮ್ಮೋ ಮುದುಕ್ರಿಗೆ ಬರ ಅದ ಏನು ನಮ್ಮೂರಾಗ?”

ಮೊದಲು ತೀರ್ಮಾನ ಆಗಬೇಕಾದದ್ದು ಆಟಮ್ ಯಾವಾಗ ಎಂಬುದು. ಸಿಸ್ಟರಿಗೆ ದಿನ ಬರೆದು ತಿಳಿಸಬೇಕಿತ್ತು.

“ಆಟಮ್ ನಮ್ಮ ಕಡಿ ಬರಂಗಿಲ್ಲ,” ಎಂದಳು ದೇವದುರ್ಗದವಳು. “ಬಂದ್ರೂ ಬಿಸಿಲು ನೋಡಿ ಬಸ್ಸಿನಿಂದ ಇಳಿಯಂಗಿಲ್ಲ.”

“ಹಂಗಂದ್ರ ಏನು ಬರೀಲೇ?”

ಅವಳು ಬಾಯಲ್ಲೇ ಹುಣ್ಣಿಮೆ, ಅಮಾವಾಸ್ಯೆ ಎಣಿಸಿದಳು. ಆಮೇಲೆ ಹೇಳಿದಳು: “ಸೀಗಿ ಹುಣ್ಣಿಮಿ ಆದ ಮ್ಯಾಲ, ದೀಪಾವಳಿ ಒಳಗ. ಹದಿನೈದು ದಿನ. ಹತ್ತಿ ಒಡದಿರ್ತದ, ಹೊಲ ಬೆಳ್ಳಗ ಇರ್ತದ. ಮುಂಜಾನಿ ಒಂದೀಟು ಥಂಡಿ. ನಮ್ಮ ಆಟಮ್ ಅಂದ್ರ ಅಷ್ಟ ನೋಡವ್ವಾ.”

ಅದನ್ನೇ ಬರೆದು ಕಳಿಸಿದೆ. ಹತ್ತಿಯ ಮಾತು ಮಾತ್ರ ಬಿಟ್ಟೆ. ಎಸ್ಸೇಯಲ್ಲಿ ಹತ್ತಿ ಇರಲಿಲ್ಲವಲ್ಲ!

ಭಾದ್ರಪದದಲ್ಲಿ ಗೆಳತಿಯರಿಬ್ಬರೂ ಇನ್‌ಸ್ಪೆಕ್ಷನ್ನಿಗೆ ಬಂದರು. ದೇವದುರ್ಗದವಳು ಊರಿನಿಂದ ಹುರಿದ ಶೇಂಗಾ ತಂದಿದ್ದಳು, ಮಾನ್ವಿಯವಳು ಬಟ್ಟೆ ಅಳೆಯುವ ಟೇಪು. ಯಾಕೆ ಟೇಪು ಎಂದರೆ “ಬ್ಯಾಗಿನ್ಯಾಗ ಯಾವಾಗಲೂ ಇರ್ತದ” ಎಂದಳು. ಬೆಳಗಿನ ಹತ್ತು ಗಂಟೆಗೆ ಮೂವರು ಮುದುಕಿಯರು ಕೆರೆಯ ದಂಡೆಯ ಮೇಲೆ ನಡೆದೆವು. ಹಿಂದಿನ ವಾರ ಮಳೆ ಬಿದ್ದು ನೀರು ಮೇಲೆ ಬಂದಿತ್ತು. ಅಂತರಗಂಗೆಯ ಮೂಲೆ ಹಾಗೇ ಇತ್ತು. ಒಬ್ಬ ತನ್ನ ಆಟೋವನ್ನು ಎಮ್ಮೆ ತೊಳೆದ ಹಾಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ.

ಮಾನ್ವಿಯವಳ ಪ್ಲ್ಯಾನು: ಸಿಸ್ಟರನ್ನು ಹೊತ್ತು ಮುಳುಗಿದ ಮೇಲೆ ಕರೆತರುವುದು, ಆಚೆ ದಂಡೆಯ ದೀಪಗಳು ನೀರಲ್ಲಿ ಹೊಳೆಯುವುದನ್ನು ತೋರಿಸುವುದು, ಹಂಸಗಳು ಮಲಗಿವೆ ಎನ್ನುವುದು. ದೇವದುರ್ಗದವಳದು: ಇಲ್ಲಿಗೆ ಬರುವುದೇ ಬೇಡ, ನೆಟ್ಟಗೆ ಕೃಷ್ಣಾ ಹೊಳೆಗೆ ಕರೆದೊಯ್ದು ‘ಇದೇ ಕೆರೆ’ ಎನ್ನುವುದು.

“ಹೊಳಿ ಹರೀತದಲ್ಲೇ, ಕೆರಿ ಹ್ಯಾಂಗ ಹರೀತದ?”

“ಭಾಳ ತುಂಬೇದ, ಅದಕ್ಕ ಹರಿಯಾಕತ್ತೈತಿ ಅನ್ನು!”

ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತೆವು. ಶೇಂಗಾ ತಿಂದು ಸಿಪ್ಪೆಯನ್ನು ಮಾನ್ವಿಯವಳು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಕಾನ್ವೆಂಟಿನ ಅಭ್ಯಾಸ ಇನ್ನೂ ಹೋಗಿಲ್ಲ. ನಗು ನಿಂತ ಮೇಲೆ ಅವಳೇ ಮೆಲ್ಲಗೆ ಕೇಳಿದಳು:

“ಆ ದೋಣಿಯವ್ನಿಗೆ ಕೆಮ್ಮು ಯಾಕ ಹಚ್ಚಿದಿ?”

ನಾನು ಎದ್ದು ಸೀರೆ ಕೊಡವಿಕೊಂಡೆ. ಅವಳು ಮತ್ತೆ ಕೇಳಲಿಲ್ಲ. ನಮ್ಮವರು ಮಲಗಿದ್ದಾಗ ವಾರಕ್ಕೊಮ್ಮೆ ಮಾನ್ವಿಯಿಂದ ಬಸ್ಸಿನಲ್ಲಿ ಬಂದು ಅವರ ಪಕ್ಕ ಕೂತು ಹೋಗುತ್ತಿದ್ದವಳು ಅವಳು. ಆ ಕೆಮ್ಮಿನ ಗುರುತು ಅವಳಿಗಿತ್ತು.

ದಸರೆಯ ದಿನ ಸಂಜೆ ಸೊಸೆ ಬನ್ನಿ ತಂದಳು. ನಮ್ಮ ಕಡೆ ಬನ್ನಿಯ ಎಲೆಯೇ ಬಂಗಾರ. ಕಿರಿಯರು ಹಿರಿಯರ ಕೈಗೆ ಎಲೆ ಇಟ್ಟು ಕಾಲು ಮುಟ್ಟುತ್ತಾರೆ. ಅವಳು ನನ್ನ ಅಂಗೈಯಲ್ಲಿ ಎಲೆಯಿಟ್ಟು ಬಾಗಿದಳು.

“ನಾವೂ ನೀವೂ ಬಂಗಾರದಂಗ ಇರೋಣು ಅತ್ತೀ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.”

“ನಿಂದೇನು ತಪ್ಪವ್ವಾ?”

“ನಿಮ್ಮ ಸಿಸ್ಟರ್ ಪತ್ರ ನೋಡಿ ನಕ್ಕಿದ್ದೆ. ನಿಮಗ ಕೆಟ್ಟ ಅನಿಸಿತ್ತು. ಆಮ್ಯಾಲ ಗೊತ್ತಾತು.”

ನಾನು ಅವಳ ತಲೆ ಸವರಿದೆ. ಸಂಜೆಯಿಡೀ ಓಣಿಯವರು ಬಂದು ಬಂದು ನನ್ನ ಕೈ ತುಂಬ ಎಲೆ ಇಟ್ಟು ಹೋದರು. ಎಲ್ಲರ ತಪ್ಪನ್ನೂ ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತ ಕೂತವಳಿಗೆ ಒಂದು ಯೋಚನೆ ಬಂತು. ನಾನೂ ಬನ್ನಿ ಕೊಡಬೇಕಾದ ಹಿರಿಯರು ಈ ಭೂಮಿಯ ಮೇಲೆ ಇನ್ನೂ ಒಬ್ಬರಿದ್ದಾರೆ.

ಆಗಲೇ ಪ್ಯಾಡು ತೆಗೆದೆ. ‘ಡಿಯರ್ ಸಿಸ್ಟರ್’ ಎಂದು ಬರೆದು ನಿಲ್ಲಿಸಿದೆ. ಇಂಗ್ಲಿಷಿನಲ್ಲಿ ಮುಂದುವರಿದರೆ ಹಂಸ ಮತ್ತೆ ಬರುತ್ತದೆ, ನನಗೆ ಗೊತ್ತು. ಆ ಹಾಳೆ ಹರಿದು ಹಾಕಿ, ಐವತ್ತು ಚಿಲ್ಲರೆ ವರ್ಷದಲ್ಲಿ ಮೊದಲ ಸಲ ಅವರಿಗೆ ಕನ್ನಡದಲ್ಲಿ ಬರೆದೆ. ಹಂಸ ಇಲ್ಲ. ದೋಣಿ ಇಲ್ಲ. ಅತ್ತೆಯವರು ರೊಟ್ಟಿಗಾಗಿ ಬೈದದ್ದು, ಬಳೆ ಹೋದದ್ದು, ಕೊನೆಗೆ ಆ ಕೆಮ್ಮು ಯಾರದಾಗಿತ್ತು ಎಂಬುದು. ನಾಲ್ಕು ಪೇಜಾಯಿತು. ಮಡಿಕೆಯಲ್ಲಿ ಒಂದು ಬನ್ನಿ ಎಲೆ ಇಟ್ಟೆ. ಇಷ್ಟಾದ ಮೇಲೂ ಬರಬೇಕು ಅನ್ನಿಸಿದರೆ ಬನ್ನಿ, ಅನ್ನಿಸದಿದ್ದರೆ ನನಗೆ ಬೇಜಾರಿಲ್ಲ ಎಂದೂ ಬರೆದೆ. ಆ ಕೊನೆಯ ಸಾಲು ಮಾತ್ರ ಸುಳ್ಳು.

ಉತ್ತರ ಬರಲಿಲ್ಲ. ಸೀಗಿ ಹುಣ್ಣಿಮೆ ಕಳೆಯಿತು. ದಿನಾ ಪೋಸ್ಟಿನವನು ಬರುವ ಹೊತ್ತಿಗೆ ಬಾಗಿಲಿಗೆ ಕಣ್ಣು ಹಾಕಿದ್ದೇ ಬಂತು. ಹುಣ್ಣಿಮೆಯಾದ ವಾರಕ್ಕೆ ಕಾನ್ವೆಂಟಿನಿಂದ ಫೋನು: ಸಿಸ್ಟರ್ ಬಂದಿದ್ದಾರೆ, ಸಂಜೆ ನಾಲ್ಕೂವರೆಗೆ ಕೆರೆಗೆ ಹೋಗಲು ಆಟೋ ತರಬೇಕಂತೆ. ಇನ್ನೇನೂ ಹೇಳಿಲ್ಲವಂತೆ.

ಗೆಳತಿಯರು ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಕಾನ್ವೆಂಟಿಗೆ ಆಟೋ ಒಯ್ದೆವು; ಸಿಸ್ಟರ್ ಸಣ್ಣಗಾಗಿದ್ದರು. ಬಿಳಿ ಸೀರೆ, ಕೈಯಲ್ಲಿ ಕೋಲು, ಹೆಗಲಿಗೆ ಬಟ್ಟೆಯ ಚೀಲ. ನಮ್ಮ ಮೂವರ ಕೆನ್ನೆ ಮುಟ್ಟಿ ಗುರುತು ಹಿಡಿದರು. ಆಟೋದಲ್ಲಿ ಪತ್ರದ ಮಾತು ಎತ್ತಲೇ ಇಲ್ಲ. ದೇವದುರ್ಗದವಳಿಗೆ ಹಲ್ಲು ಎಷ್ಟು ಉಳಿದಿವೆ ಎಂದು ಕೇಳಿದರು, ಅಷ್ಟೆ. ಕೆರೆಯ ಮೆಟ್ಟಿಲ ಬಳಿ ಇಳಿದು, ಕೋಲೂರಿ ನಿಂತು, ನೀರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಚೆಂದ ಉಂಟು. ಹಂಸ ಎಲ್ಲಿ?”

ಪತ್ರ ತಲುಪಿಲ್ಲ! ಪಕ್ಕದಲ್ಲಿ ಮಾನ್ವಿಯವಳು ಬಾಯಿ ತೆರೆದದ್ದು ಕಂಡಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ‘ಮಲಗ್ಯಾವ’ ಎಂದೇಬಿಡುತ್ತಿದ್ದಳು. ನಾನು ಅವಳ ಕೈ ಹಿಡಿದು ಅದುಮಿದೆ.

“ಹಂಸ ಇಲ್ಲ ಸಿಸ್ಟರ್. ಯಾವತ್ತೂ ಇರಲಿಲ್ಲ. ನಾನು ಸುಳ್ಳು ಬರೆದಿದ್ದೆ.”

ಅವರು ಚೀಲದೊಳಗೆ ಕೈ ಹಾಕಿ ನನ್ನ ನಾಲ್ಕು ಪೇಜು ಹೊರಗೆ ತೆಗೆದರು. ಬನ್ನಿ ಎಲೆ ಒಣಗಿ ಅಂಚು ಮುರಿದಿತ್ತು.

“ಗೊತ್ತುಂಟು. ಬಾಯಲ್ಲಿ ಹೇಳ್ತೀಯಾ ಇಲ್ವಾ ಅಂತ ನೋಡಿದೆ. ರಿಟನ್ ಎಕ್ಸಾಮ್ ಪಾಸಾಗಿದ್ದಿ. ಇದು ಓರಲ್.”

ದೇವದುರ್ಗದವಳು ನಕ್ಕ ನಗೆಗೆ ದಂಡೆಯ ಮೇಲಿದ್ದ ಹಕ್ಕಿಗಳು ಎದ್ದವು. ಸಿಸ್ಟರ್ ಮೆಟ್ಟಿಲ ಮೇಲೆ ನಿಧಾನ ಕೂತು ನನ್ನನ್ನೂ ಕೂರಿಸಿಕೊಂಡರು.

“ಇದೇ ಕಲ್ಲಿನ ಮೇಲೆ ಕೂತು ಬರೆದದ್ದು ನಾನು, ಆ ಎಸ್ಸೇ. ಸಮುದ್ರ ನೋಡಿ ಬೆಳೆದವಳು; ಇಲ್ಲಿ ಬಂದ ಹೊಸತರಲ್ಲಿ ದಿನಾ ಅಳು ಬರ್ತಿತ್ತು. ಸಂಜೆ ಬಂದು ಈ ನೀರು ನೋಡ್ಕೊಂಡು ಕೂತ್ಕೊಳ್ತಿದ್ದೆ. ಪ್ಲ್ಯಾಸಿಡ್ ಅಂದದ್ದು ಇದೇ ನೀರಿಗೆ.”

“ಮತ್ತ ಹಂಸ, ಸಿಸ್ಟರ್?” ಮಾನ್ವಿಯವಳು ಕೇಳಿದಳು.

“ಇದ್ದದ್ದು ಬಾತುಕೋಳಿ ಮಾರಾಯ್ತಿ. ಇಂಗ್ಲಿಷ್ ಎಸ್ಸೇಗೆ ಹಂಸವೇ ಒಳ್ಳೇದು ಅಂತ ಹಾಗೆ ಬರೆದೆ. ನಾನೆಲ್ಲಿ ಆಟಮ್ ನೋಡಿದ್ದು? ಎಲೆ ಉದುರಿಸಿದ್ದೂ ನಾನೇ.” ನನ್ನ ಕಡೆ ತಿರುಗಿದರು. “ನಿನ್ನ ಪತ್ರದಲ್ಲಿ ನನ್ನದೇ ಸೆಂಟೆನ್ಸ್ ವರ್ಷ ವರ್ಷ ಬರ್ತಿತ್ತು. ನೆನಪಿಟ್ಟಿದ್ದಾಳಲ್ಲ ಅಂತ ಖುಷಿಯೇ ಆಗ್ತಿತ್ತು. ಆದರೆ ನಾನು ಹಾಕಿದ್ದು ನಾಲ್ಕು ಹಂಸ. ನೀನು ಆರು ಮಾಡಿದ್ದು ಎಂತಕ್ಕೆ?”

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಸಿಸ್ಟರ್ ನಗು ಬೇಗ ನಿಂತಿತು.

“ದೋಣಿಯವನು ಇಲ್ಲ ಅಂತ ಓದಿದಾಗ ಮಾತ್ರ ನನಗೆ ಸಿಟ್ಟು ಬಂತು. ಅವನ ಕೆಮ್ಮಿಗೆ ನಾನು ದಿನಾ ಪ್ರೇಯರ್ ಮಾಡ್ತಿದ್ದೆ. ಇಷ್ಟು ವರ್ಷ. ಇಲ್ಲದ ಮನುಷ್ಯನಿಗೆ! ಎರಡು ದಿನ ನಿನ್ನ ಪತ್ರ ಮುಟ್ಟಲಿಲ್ಲ. ಅದಕ್ಕೇ ಉತ್ತರ ಬರೀಲಿಲ್ಲ.”

ಮುಚ್ಚಿದ ನೋಟ್‌ಬುಕ್ಕು ಎರಡೂ ಕೈಯಿಂದ ನನ್ನ ಕಡೆ ಬರುತ್ತಿದೆ ಅನ್ನಿಸಿತು. ತಲೆ ತಗ್ಗಿಸಿದೆ.

“ಮೂರನೇ ದಿನ ಪುನಃ ಓದಿದೆ,” ಎಂದರು. “ಮನುಷ್ಯ ಇದ್ದ. ಕೆಮ್ಮೂ ಇತ್ತು. ಅಡ್ರೆಸ್ ಮಾತ್ರ ನೀನು ತಪ್ಪು ಕೊಟ್ಟದ್ದು. ದೇವರಿಗೆ ಅಷ್ಟು ಗೊತ್ತಾಗುವುದಿಲ್ವಾ?”

ನನಗೆ ಅಳು ಬಂತು. ಮಾನ್ವಿಯವಳು ಶೇಂಗಾ ಸಿಪ್ಪೆ ಕಟ್ಟಿದ್ದ ಅದೇ ಕರ್ಚೀಫು ಕೊಟ್ಟಳು. ಒರೆಸಿಕೊಂಡರೆ ಮೂಗಿಗೆ ಶೇಂಗಾ ವಾಸನೆ ಬಂದು ಮತ್ತೆ ನಗು ಬಂತು.

ಅಷ್ಟರಲ್ಲಿ ದೇವದುರ್ಗದವಳು ದಂಡೆಯ ತಿಂಡಿ ಗಾಡಿಯಿಂದ ಮಂಡಕ್ಕಿಯ ಮಂಡಾಳ ಒಗ್ಗರಣಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು. ಡಾಕ್ಟರು ಬೇಡವೆಂದಿದ್ದಾರೆ ಎನ್ನುತ್ತಲೇ ಸಿಸ್ಟರ್ ಎರಡು ಮಿರ್ಚಿ ತಿಂದರು, ಖಾರಕ್ಕೆ ಕಣ್ಣೀರು ಹಾಕಿದರು, ಮೂರನೆಯದಕ್ಕೆ ಕೈ ಚಾಚಿದರು.

“ಹೋಂವರ್ಕ್ ಉಂಟು,” ಎಂದರು ಬೆರಳು ಒರೆಸಿಕೊಳ್ಳುತ್ತ. “ಈ ಕ್ರಿಸ್‌ಮಸ್‌ಗೆ ಕನ್ನಡದಲ್ಲಿ ಬರೆ. ನಿನ್ನ ಅತ್ತೆ ಜಗಳ ಪೂರ್ತಿ ಬೇಕು ನನಗೆ, ಅರ್ಧಕ್ಕೆ ನಿಲ್ಲಿಸಿದ್ದಿ. ಮತ್ತೆ ಈ ಕೆರೆ. ಈಗಲೇ ಎಣಿಸು, ಎಂತೆಲ್ಲ ಉಂಟು?”

ನಾವು ಮೂವರೂ ಎಂಟನೇ ಕ್ಲಾಸಿನವರ ಹಾಗೆ ಸಾಲಾಗಿ ಕೂತು ಎಣಿಸಿದೆವು. ಎದ್ದು ಹೋಗಿದ್ದ ಬೆಳ್ಳಕ್ಕಿಗಳು ವಾಪಸು ಬಂದು ಅಂತರಗಂಗೆಯ ಮೇಲೆ ಇಳಿಯುತ್ತಿದ್ದವು.

“ಐದು,” ಎಂದಳು ಮಾನ್ವಿಯವಳು.

“ಆರು ಅವ ನೋಡು,” ದೇವದುರ್ಗದವಳು ಕೈ ತೋರಿಸಿದಳು. “ಆ ತುದಿಗೆ ಒಂದು.”

ನಾನು ಕನ್ನಡಕ ಒರೆಸಿ ನೋಡಿದೆ. ಅದು ಪ್ಲಾಸ್ಟಿಕ್ ಚೀಲ.

“ಐದೇ,” ಎಂದೆ.

“ಗುಡ್,” ಎಂದರು ಸಿಸ್ಟರ್.